ಆಯಿಯ ವರ್ಷದ ಸ್ಮರಣೆ: ಊಟ ಹಾಕಿಸೋದಾ, ಹುಡುಗಿಯರ ಓದಿಗೆ ಕೊಡೋದಾ?

ನವನಗರದ ಮೊಮ್ಮಗಳು
ಎಲ್ಲರಿಗೂ ಶರಣು. ಬರುವ ತಿಂಗಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಲಿಂಗೈಕ್ಯರಾಗಿ ವರ್ಷ ತುಂಬುತ್ತದೆ. ಸ್ಮರಣೆ ಹೇಗೆ ಮಾಡಬೇಕು ಅನ್ನೋದರ ಮೇಲೆ ಮನೆಯಲ್ಲಿ ಎರಡು ಪಕ್ಷ ಆಗಿವೆ. ದೊಡ್ಡ ಕಾಕಾ ಶಿವಗಣಾರಾಧನೆ, ಅಂದರೆ ತೀರಿಹೋದವರ ನೆನಪಿನ ಪೂಜೆ, ಜೋರಾಗಿ ಮಾಡಿ ಓಣಿಗೆಲ್ಲ ಊಟ ಹಾಕಿಸೋಣ ಅಂತಾರೆ. ನಮ್ಮ ಅತ್ತೆಯರು, ಅಂದರೆ ಆಯಿಯ ಹೆಣ್ಣುಮಕ್ಕಳು, ಆ ದುಡ್ಡು ಬಡ ಹುಡುಗಿಯರ ಓದಿಗೆ ಹೋಗಲಿ ಅಂತಾರೆ. ಇಬ್ಬರೂ "ಅವ್ವ ಇದ್ದಿದ್ದರೆ ಇದನ್ನೇ ಮಾಡ್ತಿದ್ದಳು" ಅಂತಲೇ ವಾದ ಮಾಡುತ್ತಾರೆ.

ಆಯಿ ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯಲ್ಲಿ. ಮುಲ್ಕಿ ಪರೀಕ್ಷೆಗೆ ಕೂರುವ ಮುಂಚೆಯೇ ಮದುವೆ ಮಾಡಿದರು. ಆ ನೋವು ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ನಾಲ್ಕೂ ಹೆಣ್ಣುಮಕ್ಕಳನ್ನು ಓದಿಸಿದರು. ಇಬ್ಬರು ಟೀಚರ್, ಒಬ್ಬರು ನರ್ಸ್, ಒಬ್ಬರು ಕಚೇರಿಯಲ್ಲಿ ಕ್ಲರ್ಕ್. ದೊಡ್ಡತ್ತೆ ಟೀಚರ್ ಟ್ರೇನಿಂಗ್‌ಗೆ ಹೋಗುವಾಗ ಆಯಿ ತಮ್ಮ ಬಂಗಾರದ ಬಳೆ, ಬಿಲ್ವಾರ, ಮಾರಿದ್ದರು. ಮುಂದೆ ಮತ್ತೆ ಮಾಡಿಸಿಕೊಳ್ಳಲೇ ಇಲ್ಲ.

ಬೆಳಿಗ್ಗೆ ಇಷ್ಟಲಿಂಗ ಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಪೂಜೆ ಮುಗಿಸಿ ರೊಟ್ಟಿ ಬಡಿಯಲು ಕೂತರೆ ನಾವೆಲ್ಲ ಅಡುಗೆಮನೆ ಬಾಗಿಲ ಹತ್ತಿರ ಕೂತು ಗಟ್ಟಿಯಾಗಿ ಓದಬೇಕು. ನಾವು ಓದು ನಿಲ್ಲಿಸಿದರೆ ಅವರು ಬಡಿಯೋದು ನಿಲ್ಲಿಸುತ್ತಿದ್ದರು. ಒಂದು ಸಾಲು ಹಾರಿಸಿದರೂ ಗೊತ್ತಾಗುತ್ತಿತ್ತು. ಅಡುಗೆಗೆ ಸಹಾಯ ಮಾಡ್ತೀನಿ ಅಂತ ನಾನು ಪುಸ್ತಕ ಬಿಟ್ಟು ಎದ್ದರೆ, "ರೊಟ್ಟಿ ಯಾರರ ಬಡದು ಕೊಡ್ತಾರ. ಓದೂದು ನೀನ ಓದಬೇಕು" ಅಂತ ಮತ್ತೆ ಕೂರಿಸುತ್ತಿದ್ದರು.

ನಿಮ್ಮ ಮನೆಗಳಲ್ಲಿ ಇಂಥ ಹಿರಿಯರ ನೆನಪಿಗೆ ಏನು ಮಾಡಿದ್ದೀರಿ? ಏನು ಸರಿ ಹೋಯಿತು, ಏನು ಹೋಗಲಿಲ್ಲ? ದಯವಿಟ್ಟು ಬಿಚ್ಚಿ ಹೇಳಿ.

ಕೃಷ್ಣಾತೀರ
ಓದಿಗೇ ಕೊಡಿ. ಎರಡನೇ ಮಾತೇ ಬೇಡ.

ಜೋಳದ ರಾಶಿ
ಎರಡನೇ ಮಾತು ಬೇಕು. ಊಟ ಅಂದ ತಕ್ಷಣ ದುಂದು ವೆಚ್ಚ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ನಾವು ಶರಣರ ನಾಡಿನವರು. ದಾಸೋಹ ನಮ್ಮ ಧರ್ಮದ ಅರ್ಧ ಭಾಗ. ಆ ಆಯಿ ಬದುಕಿದ್ದಾಗ ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದ್ದರಾ? ಖಂಡಿತ ಇಲ್ಲ. ಹಾಗಿದ್ದ ಮೇಲೆ ಅವರ ಹೆಸರಿನಲ್ಲಿ ನಾಲ್ಕು ಜನ ಉಂಡು ಹೋದರೆ ತಪ್ಪೇನು? ಇನ್ನೊಂದು ಮಾತು. ವರ್ಷದ ಊಟಕ್ಕೆ ಬರುವವರು ಯಾರು ನೋಡಿ. ಆಯಿಯ ತಂಗಿ, ತವರಿನ ಕಡೆಯ ಮುದುಕಿಯರು, ಹಳೇ ಓಣಿಯ ಗೆಳತಿಯರು. ಅವರಿಗೆ ಒಂದು ಕಡೆ ಕೂತು ಅಳೋಕೆ, ಮಾತಾಡೋಕೆ ಅದೊಂದೇ ದಿನ ಸಿಗೋದು. ಸ್ಕಾಲರ್‌ಶಿಪ್‌ಗೆ ಚೆಕ್ ಬರೆದರೆ ಅವರ ದುಃಖಕ್ಕೆ ಏನು ಸಿಕ್ಕಂತಾಯಿತು?

ಟಿಳಕವಾಡಿ ವೈನಿ
ಜೋಳದ ರಾಶಿ ಅವರೇ, ನೀವು ಹೇಳೋ ಊಟ ಬೇರೆ, ಈಗ ನಡೀತಿರೋ ಊಟ ಬೇರೆ. ಪೆಂಡಾಲ್, ಬ್ಯಾನರ್, ಕೇಟರಿಂಗ್‌ನವರು, ವಿಡಿಯೋ. ನಮ್ಮ ಮಾವನವರ ವರ್ಷಕ್ಕೆ ಸಾಲ ಮಾಡಿ ಊಟ ಹಾಕಿದರು. ಅದೇ ವರ್ಷ ನಾದಿನಿಯ ಮಗಳ ಡಿಪ್ಲೊಮಾ ಫೀಗೆ ದುಡ್ಡಿಲ್ಲ ಅಂತ ಕಾಲೇಜು ಬಿಡಿಸಿದರು. ಇದು ಯಾವ ಶರಣರು ಒಪ್ಪುವ ಮಾತು?

ಜೋಳದ ರಾಶಿ
ಸಾಲ ಮಾಡಿ ಹಾಕಿ ಅಂತ ನಾನು ಎಲ್ಲಿ ಹೇಳಿದೆ?

ಟಿಳಕವಾಡಿ ವೈನಿ
ನೀವು ಹೇಳಿಲ್ಲ. ಆದರೆ "ದೊಡ್ಡದಾಗಿ" ಅಂತ ಶುರುವಾದರೆ ಅದು ಎಲ್ಲಿ ನಿಲ್ಲುತ್ತದೆ ಅಂತ ನಿಮಗೂ ಗೊತ್ತು.

ಬಾಗೇವಾಡಿ ಮಾಸ್ತರ್
ಮುಲ್ಕಿ ಅಂತ ಓದಿ ಮನಸ್ಸು ಹಿಂದೆ ಹೋಯಿತು. ಇಲ್ಲಿರುವ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. 1956ರಲ್ಲಿ ಏಕೀಕರಣ ಆಗುವವರೆಗೆ ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಬಾಗಲಕೋಟೆ ಆಗ ವಿಜಯಪುರ ಜಿಲ್ಲೆಯದೇ ಭಾಗ, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಏಳನೇ ಇಯತ್ತೆಯ ಕೊನೆಗೆ ಬರುತ್ತಿದ್ದದ್ದೇ ಮುಲ್ಕಿ. ಅದು ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆಯೇ ಸಿಗುತ್ತಿತ್ತು. ಅಂದರೆ ಆ ತಾಯಿ ನೌಕರಿಯ ಹೊಸ್ತಿಲವರೆಗೆ ಬಂದು ಹಿಂದೆ ಸರಿಯಬೇಕಾಯಿತು. ಅದಕ್ಕೇ ಹೆಣ್ಣುಮಕ್ಕಳಲ್ಲಿ ಇಬ್ಬರು ಟೀಚರ್ ಆಗಿದ್ದಾರೆ. ಇದು ಆಕಸ್ಮಿಕ ಅಂತ ನನಗೆ ಅನ್ನಿಸೋದಿಲ್ಲ.

ನಮ್ಮ ಭಾಗದಲ್ಲಿ ವಿದ್ಯೆಗೆ ದಾನ ಕೊಡೋದು ಹೊಸ ಫ್ಯಾಷನ್ ಅಲ್ಲ. ಸಿರಸಂಗಿ ಲಿಂಗರಾಜ ದೇಸಾಯಿ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಅಂತ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಅದೇ 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ಶುರುವಾಯಿತು. ಆದ್ದರಿಂದ ಧರ್ಮ ಒಂದು ಕಡೆ, ಓದು ಇನ್ನೊಂದು ಕಡೆ ಅಂತ ನಿಮ್ಮ ಮನೆಯವರು ಹಗ್ಗ ಎಳೆಯೋದು ಬೇಡ. ನಮ್ಮ ಹಿರಿಯರು ಎರಡನ್ನೂ ಬೇರೆ ಮಾಡಿ ನೋಡಿದವರಲ್ಲ.

ಅಥಣಿ ಹುಡುಗ
ಸರ್, ಹಳಕಟ್ಟಿಯವರೂ ಇದ್ದಾರಲ್ವಾ? ಬೆಳಗಾವಿಯ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದವರು.

ಬಾಗೇವಾಡಿ ಮಾಸ್ತರ್
ಇಲ್ಲ ತಮ್ಮಾ. ಕೆಎಲ್‌ಇ 1916ರಲ್ಲಿ ಏಳು ಜನ ಸೇರಿ ಕಟ್ಟಿದ್ದು. ಅವರನ್ನೇ ಸಪ್ತರ್ಷಿಗಳು ಅನ್ನುತ್ತಾರೆ. ಫ.ಗು. ಹಳಕಟ್ಟಿಯವರ ಕೆಲಸ ವಿಜಯಪುರದ್ದು. 1910ರ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಅವರದು. ವಕೀಲಿ ಮಾಡುತ್ತಲೇ ಮನೆ ಮನೆ ತಿರುಗಿ ವಚನದ ತಾಡೋಲೆಗಳನ್ನು ಹುಡುಕಿದರು. ಅಚ್ಚು ಹಾಕಿಸೋಕೆ ಸ್ವಂತ ಮನೆ ಮಾರಿದರು. ಶಾಲೆ ಕಟ್ಟಿದ ಕೈ, ವಚನ ಉಳಿಸಿದ ಕೈ ಒಂದೇ. ನಾನು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಿಂದಗಿ ಅಕ್ಕ
ಒಂದು ಮಾತು ಹೇಳಲಾ? ಯಾರೂ ಬೇಜಾರಾಗಬೇಡಿ.

ಆಯಿ ಬಿಲ್ವಾರ ಮಾರಿದ್ದು, ಪರೀಕ್ಷೆ ಬಿಟ್ಟದ್ದು ಓದುವಾಗ ಎಲ್ಲರಿಗೂ ಕಣ್ಣು ತುಂಬುತ್ತದೆ. ಆದರೆ ಅವರು ಪರೀಕ್ಷೆ ಬಿಟ್ಟಿದ್ದಲ್ಲ, ಬಿಡಿಸಿದ್ದು. ಮನೆಯಲ್ಲಿ ಗಂಡಸರ ಉಂಗುರ ಒಂದೂ ಇರಲಿಲ್ವಾ ಮಾರೋಕೆ? ನಮ್ಮ ಅಜ್ಜಿಯಂದಿರನ್ನು ತ್ಯಾಗಮಯಿ ಅಂತ ಹೊಗಳಿ ಹೊಗಳಿ, ಅವರಿಗೆ ಆದ ಅನ್ಯಾಯ ಯಾರಿಂದ ಆಯಿತು ಅನ್ನೋದನ್ನು ಮುಚ್ಚಿಬಿಡುತ್ತೇವೆ. ಸ್ಮರಣೆ ಮಾಡೋದಾದರೆ ಅದನ್ನೂ ಸೇರಿಸಿ ಮಾಡಿ. ಮನೆಯ ಹುಡುಗರಿಗೂ ಗೊತ್ತಾಗಲಿ.

ಜೋಳದ ರಾಶಿ
ಅಕ್ಕಾರೇ, ಸ್ಮರಣೆಯ ದಿನ ಅದನ್ನೆಲ್ಲ ಎತ್ತೋದು ಸರಿನಾ?

ಸಿಂದಗಿ ಅಕ್ಕ
ಮತ್ತೆ ಯಾವ ದಿನ ಎತ್ತೋದು?

ನವನಗರದ ಮೊಮ್ಮಗಳು
ಅಕ್ಕ, ಒಂದಿಷ್ಟೂ ಬೇಜಾರಿಲ್ಲ. ನಿಮ್ಮ ಮಾತು ಓದಿ ಇನ್ನೊಂದು ವಿಷಯ ಹೇಳಬೇಕು ಅನ್ನಿಸಿತು. ಆಯಿ ಎಷ್ಟು ಗಟ್ಟಿಯೋ, ಕೆಲವು ವಿಷಯದಲ್ಲಿ ಅಷ್ಟೇ ಹಳೇ ಕಾಲದವರು. ತವರಿನ ಹೊಲದ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಹಿ ಹಾಕಿಬಂದರು. "ತವರಿನ ಬಾಗಿಲು ತೆರೆದಿರಬೇಕು" ಅಂದರು. ನನಗೆ ಅದು ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸೋದಿಲ್ಲ.

ಆದರೆ ಮುಳುಗಡೆ ಪರಿಹಾರ ಬಂದಾಗ ಅದೇ ಆಯಿ ಬೇರೆಯಾಗಿ ನಿಂತರು. ಆಲಮಟ್ಟಿ ಹಿನ್ನೀರು ಬಂದು ನಮ್ಮ ಹಳೇ ಮನೆ ಹೋಯಿತು. ದುಡ್ಡು ಮುತ್ಯಾನ, ಅಂದರೆ ಅಜ್ಜನ, ಹೆಸರಿಗೆ ಬಂತು. ಆ ಸಮಯದಲ್ಲಿ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಪರಿಹಾರ ಬೈಕ್, ಮದುವೆ ಅಂತ ಕರಗಿ ಹೋಯಿತು. ಆಯಿ ಮುತ್ಯಾನ ಜೊತೆ ಮಾತು ಬಿಟ್ಟರು. ಊಟ ಬಡಿಸೋರು, ಮಾತಾಡೋರಲ್ಲ. ಕೊನೆಗೆ ಮೊಮ್ಮಕ್ಕಳ ಓದಿಗೆ ಅಂತ ಒಂದು ಪಾಲು ಪೋಸ್ಟ್ ಆಫೀಸಿನಲ್ಲಿ ಇಟ್ಟ ಮೇಲೆಯೇ ಮಾತಾಡಿದ್ದು. ಗಂಡು ಹೆಣ್ಣು ಇಬ್ಬರಿಗೂ ಸಮ. ನಾನು ಬಿಎಸ್ಸಿ ಮುಗಿಸಿದ್ದು ಆ ದುಡ್ಡಿನಲ್ಲಿ.

ಇಳಕಲ್ ಮಗ್ಗ
ಪಾಲಿನ ವಿಷಯಕ್ಕೆ ಸಣ್ಣದೊಂದು ಸೇರಿಸ್ತೀನಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಆದರೆ ಅದಕ್ಕಿಂತ ಮುಂಚೆ ಮದುವೆ ಆದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿ ಹೋಯಿತು. ಈಗಲೂ ನಮ್ಮ ಕಡೆ ಅಣ್ಣತಮ್ಮಂದಿರು ಸಹಿಗೆ ಕರೆದರೆ ಹೆಣ್ಣುಮಕ್ಕಳು ಹೋಗಿ ಹಾಕಿಬರುತ್ತಾರೆ. ಒಂದು ಸೀರೆ ಕೊಟ್ಟು ಕಳಿಸುತ್ತಾರೆ. ಆ ಸೀರೆ ನೇಯುವವರು ನಾವು, ನಮಗೆ ಗೊತ್ತು.

ಗುಮ್ಮಟದ ನೆರಳು
ನಮ್ಮ ಮನೆಯ ಕತೆ ಬೇರೆ, ಅಜ್ಜಿ ಮಾತ್ರ ಅಂಥವರೇ. ನಾನು ವಿಜಯಪುರದವನು. ದಾದಿ, ಅಂದರೆ ಅಪ್ಪನ ತಾಯಿ, ಐದು ಹೊತ್ತಿನ ನಮಾಜ್ ಬಿಟ್ಟವರಲ್ಲ. ಓಣಿಯ ಹುಡುಗಿಯರಿಗೆ ಮನೆಯಲ್ಲೇ ಕುರಾನ್ ಓದೋದು ಕಲಿಸುತ್ತಿದ್ದರು. ಒಂದೇ ಷರತ್ತು. ಶಾಲೆಗೆ ಹೋಗದವಳಿಗೆ ಪಾಠ ಇಲ್ಲ. ಎಷ್ಟೋ ಅಪ್ಪಂದಿರು ಪಾಠದ ಆಸೆಗೆ ಮಗಳನ್ನು ಶಾಲೆಗೆ ಕಳಿಸಿದರು. ಅವರಲ್ಲಿ ಒಬ್ಬರು ಈಗ ಉರ್ದು ಶಾಲೆಯ ಹೆಡ್ ಮಿಸ್. ದಾದಿ ಹೋದಾಗ ಜನಾಜಾ ಹೊರಡುವ ಮುಂಚೆ ಆ ಹುಡುಗಿಯರೆಲ್ಲ ಬಂದರು. ಕೆಲವರ ಜೊತೆ ಅವರ ಮಕ್ಕಳು.

ನಾವು ಅವರ ಹೆಸರಿನಲ್ಲಿ ವರ್ಷವೂ ಹತ್ತನೇ ತರಗತಿಯ ಹುಡುಗಿಯರಿಗೆ ಪರೀಕ್ಷೆ ಫೀ ಕಟ್ಟುತ್ತೇವೆ. ಯಾರಿಗೆ ಕಟ್ಟಿದೆವು ಅಂತ ಶಾಲೆಯವರಿಗೆ ಬಿಟ್ಟರೆ ಇನ್ಯಾರಿಗೂ ಹೇಳೋದಿಲ್ಲ.

ಕೃಷ್ಣಾತೀರ
ಶಾಲೆಗೆ ಬಂದರೇ ಪಾಠ ಅನ್ನೋದು ಎಂಥ ಒಳ್ಳೇ ಷರತ್ತು!

ಗೋಕಾಕದ ಕರದಂಟು
ಬಸ್ ಪಾಸ್‌ಗೆ ದುಡ್ಡು ಕೊಡಿ ಅಂತ ನನ್ನ ಸಲಹೆ. ಹಳ್ಳಿ ಹುಡುಗಿಯರು ಕಾಲೇಜು ಬಿಡೋದು ಅಲ್ಲೇ.

ಅಥಣಿ ಹುಡುಗ
ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸರ್ಕಾರಿ ಬಸ್‌ನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಪಾಸ್ ಖರ್ಚು ಈಗ ದೊಡ್ಡ ಸಮಸ್ಯೆ ಅಲ್ಲ. ಕಾಲೇಜು ಟೈಮಿಗೆ ಬಸ್ ಬರೋದಿಲ್ಲ, ಬಂದರೂ ನಿಲ್ಲಿಸೋದಿಲ್ಲ. ಅದಕ್ಕೆ ದಾನ ಕೊಟ್ಟು ಪ್ರಯೋಜನ ಇಲ್ಲ, ಡಿಪೋ ಮುಂದೆ ಹೋಗಿ ಜಗಳ ಮಾಡಬೇಕು.

ಬಾಗೇವಾಡಿ ಮಾಸ್ತರ್
ತಮ್ಮ ಸರಿಯಾಗಿ ಹೇಳಿದ. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಯೂನಿಫಾರ್ಮ್ ಸಿಗುತ್ತದೆ. ಹುಡುಗಿ ಎಡವೋದು ಆಮೇಲೆ. ಪಿಯು ಸೈನ್ಸ್ ಅಂದರೆ ಪುಸ್ತಕ, ಲ್ಯಾಬ್ ರೆಕಾರ್ಡ್, ಊರು ದೂರ ಇದ್ದರೆ ಹಾಸ್ಟೆಲ್. "ಆರ್ಟ್ಸ್ ಮಾಡು, ಊರಲ್ಲೇ ಇದೆ" ಅಂತಾರೆ. ಆರ್ಟ್ಸ್ ಕೀಳು ಅಂತಲ್ಲ, ಅವಳೇ ಆರಿಸಿಕೊಂಡರೆ ಒಳ್ಳೆಯದೇ. ದುಡ್ಡಿಲ್ಲ ಅಂತ ಅವಳ ಪರವಾಗಿ ಬೇರೆಯವರು ಆರಿಸಬಾರದು.

ಬ್ಯಾಂಕ್ ನಿವೃತ್ತ
ಲೆಕ್ಕದ ಮಾತು ಆಡ್ತೀನಿ, ಯಾಕೆಂದರೆ ಇಂಥ ಕಡೆ ಎಲ್ಲರೂ ಭಾವನೆಯಲ್ಲಿ ಹೋಗಿಬಿಡುತ್ತಾರೆ. ಹೆಚ್ಚಿನವರು ಕಾಲೇಜಿನಲ್ಲಿ ದತ್ತಿ ಇಡುತ್ತಾರೆ. ಅಸಲು ಬ್ಯಾಂಕಿನಲ್ಲಿ, ಬಡ್ಡಿಯಲ್ಲಿ ಬಹುಮಾನ. 1990ರ ದಶಕದ ನಡುವೆ ಠೇವಣಿಗೆ ಶೇ. 12ರ ಆಸುಪಾಸು ಬಡ್ಡಿ ಇತ್ತು. 10,000 ಇಟ್ಟರೆ ವರ್ಷಕ್ಕೆ 1,200. ಆಗ ಅದು ಒಬ್ಬಳ ಪುಸ್ತಕಕ್ಕೆ ಸಾಕು. ಇವತ್ತು ಶೇ. 6.5 ಅಂತ ಹಿಡಿಯಿರಿ. ಅದೇ 10,000ಕ್ಕೆ 650 ರೂಪಾಯಿ. ಒಂದು ಲಕ್ಷ ಇಟ್ಟರೂ 6,500. ಒಂದು ವರ್ಷದ ಹಾಸ್ಟೆಲ್ ಖರ್ಚಿಗೆ ಅದು ಎಲ್ಲಿ ಮುಟ್ಟುತ್ತದೆ?

ನಮ್ಮ ಅತ್ತೆಯವರ ಹೆಸರಿನಲ್ಲಿ ಒಂದು ಕಾಲೇಜಿನಲ್ಲಿ ಹೀಗೆ ಇಟ್ಟಿದ್ದೆವು. ಮೊದಲ ಕೆಲವು ವರ್ಷ ಕಾರ್ಯಕ್ರಮಕ್ಕೆ ಕರೆದರು. ಆಮೇಲೆ ಕರೆ ನಿಂತಿತು. ಒಮ್ಮೆ ಹೋಗಿ ಕೇಳಿದರೆ ಆ ವರ್ಷ ಬಹುಮಾನವನ್ನೇ ಕೊಟ್ಟಿರಲಿಲ್ಲ. ಫೈಲ್ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಕಡೆ ಹೀಗೇ ಅಂತ ಹೇಳೋದಿಲ್ಲ. ಆದರೆ ದುಡ್ಡು ಕೊಟ್ಟು ಕೈ ತೊಳೆದುಕೊಂಡರೆ ಆಗೋದು ಇದೇ.

ನಿಮ್ಮ ಆಯಿಗೆ ಮೊಮ್ಮಕ್ಕಳು ಎಷ್ಟು ಜನ?

ನವನಗರದ ಮೊಮ್ಮಗಳು
ಹನ್ನೆರಡು. ಎಂಟು ಜನ ದುಡಿಯುತ್ತಿದ್ದೇವೆ. ನಾಲ್ವರು ಇನ್ನೂ ಓದುತ್ತಿದ್ದಾರೆ.

ಬ್ಯಾಂಕ್ ನಿವೃತ್ತ
ಎಂಟು ಜನ ತಿಂಗಳಿಗೆ 500 ಹಾಕಿದರೆ ತಿಂಗಳಿಗೆ 4,000. ವರ್ಷಕ್ಕೆ 48,000. ಇಷ್ಟು ಬಡ್ಡಿ ಬರಬೇಕೆಂದರೆ ಏಳು ಲಕ್ಷಕ್ಕಿಂತ ಜಾಸ್ತಿ ಠೇವಣಿ ಇಡಬೇಕು. ಊಟದ ದುಡ್ಡಿಗೆ ಕೈ ಹಾಕದೆಯೇ ಇಷ್ಟು ಆಗುತ್ತದೆ. ನಿಮ್ಮ ಕಾಕಾನ ಜೊತೆ ಜಗಳವೂ ತಪ್ಪುತ್ತದೆ.

ಟಿಳಕವಾಡಿ ವೈನಿ
ಇದು ಚಲೋ ಅದ. ದುಡ್ಡು ಒಮ್ಮೆ ಕೊಟ್ಟು ಮರೆಯೋದಕ್ಕಿಂತ ತಿಂಗಳು ತಿಂಗಳು ಆಯಿಯ ನೆನಪು ಆಗುತ್ತದೆ.

ಬಾದಾಮಿ ಬನ
ನಾನು ಊಟದ ಪಕ್ಷ. ಆದರೆ ಚಿಕ್ಕ ಊಟ. ನಮ್ಮ ಅಜ್ಜಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೊರಟರೆ ಬುತ್ತಿ ಗಂಟು ಹೊತ್ತೇ ಹೋಗೋರು. ತೇರು ಎಳೆಯೋದು ನೋಡಿ ಹೊಂಡದ ದಂಡೆಗೆ ಕೂತು ಬಿಚ್ಚುತ್ತಿದ್ದರು. ಪಕ್ಕದಲ್ಲಿ ಯಾರೇ ಕೂತಿರಲಿ, ಅವರ ಕೈಗೂ ರೊಟ್ಟಿ, ಶೇಂಗಾ ಚಟ್ನಿ. ಜಾತಿ ಕೇಳಿದ್ದು ನಾನು ನೋಡಿಲ್ಲ. ಅವರ ವರ್ಷಕ್ಕೆ ನಾವು ಪೆಂಡಾಲ್ ಹಾಕಲಿಲ್ಲ. ಮನೆಯ ಹೆಂಗಸರು ಗಂಡಸರು ಎಲ್ಲ ಸೇರಿ ರೊಟ್ಟಿ ಮಾಡಿ ಮಠಕ್ಕೆ ಒಯ್ದು ಬಡಿಸಿದೆವು. ಮಾದ್ಲಿ, ಹಾಲು, ತುಪ್ಪ. ಅಷ್ಟೇ. ಬಂದವರು ಬಡಿಸಿದ್ದು ಉಂಡರು, ಅಜ್ಜಿ ಬಗ್ಗೆ ಮಾತಾಡಿದರು.

ಗೋಕಾಕದ ಕರದಂಟು
ಮಾದ್ಲಿ ಅಂದ್ರಿ, ಈಗ ಹೇಳಲೇಬೇಕು. ಗೋದಿ ಹಿಟ್ಟಿನ ದಪ್ಪ ಚಪಾತಿ ಮಾಡಿ ಪುಡಿ ಮಾಡ್ತೀರಾ, ಅಥವಾ ಗೋದಿ ಕಡಲೆಬೇಳೆ ಹುರಿದು ಒಡೆಸಿ ಮಾಡ್ತೀರಾ?

ಬಾದಾಮಿ ಬನ
ಹುರಿದು ಒಡೆಸಿ, ಆ ಹಿಟ್ಟಿನದು ದಪ್ಪ ರೊಟ್ಟಿ ಬೇಯಿಸಿ, ಮತ್ತೆ ಕುಟ್ಟಿ. ಬೆಲ್ಲ, ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಪುಟಾಣಿ. ಬರೀ ಚಪಾತಿ ಪುಡಿ ಮಾಡಿದರೆ ಅದು ಅವಸರದ ಮಾದ್ಲಿ.

ಟಿಳಕವಾಡಿ ವೈನಿ
ನಮ್ಮ ಬೆಳಗಾವಿ ಕಡೆ ಚಪಾತಿದೇ ಮಾಡ್ತೀವಿ, ಯಾರೂ ಬಿಟ್ಟು ಎದ್ದಿಲ್ಲ.

ಇಳಕಲ್ ಮಗ್ಗ
ಮಾದ್ಲಿ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ತಂಗಿ ಕೇಳಿದ್ದು ಬೇರೆ.

ಜೋಳದ ರಾಶಿ
ನನಗೆ ಬಾದಾಮಿಯವರ ದಾರಿ ಒಪ್ಪಿಗೆ. ಕೈಯಾರೆ ಮಾಡಿ ಬಡಿಸೋದೇ ದಾಸೋಹ. ಕೇಟರಿಂಗ್‌ನವರಿಗೆ ಒಪ್ಪಿಸಿ ನಾವು ಕುರ್ಚಿಯಲ್ಲಿ ಕೂತರೆ ಅದು ಬೇರೆಯೇ ಆಗುತ್ತದೆ. ಆದರೆ ಒಂದು ವಿನಂತಿ. ಫಂಡ್ ಮಾಡಿದರೆ ಆಯಿಯ ಹೆಸರು ಹಾಕಿ. ಕಲ್ಲಿನ ಮೇಲೆ ಬರೆಸಿ. ಜೀವನ ಇಡೀ ಹೆಸರಿಲ್ಲದೆ ದುಡಿದವರು ಅವರು.

ಗುಮ್ಮಟದ ನೆರಳು
ಕಲ್ಲು ಯಾಕೆ? ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೆನೆಸಿಕೊಳ್ಳಿ. 2023ರ ಜನವರಿ 2ರಂದು ಹೋದಾಗ ನಮ್ಮ ವಿಜಯಪುರದಲ್ಲಿ ಜನಸಾಗರ ಸೇರಿತ್ತು. ಅವರ ಪ್ರವಚನಕ್ಕೆ ನಮ್ಮ ಅಬ್ಬಾ ಕೂಡ ಹೋಗುತ್ತಿದ್ದರು. ಪದ್ಮಶ್ರೀ ಬಂದರೂ ಬೇಡ ಅಂದವರು. ದೇಹವನ್ನು ಅಗ್ನಿಗೆ ಕೊಡಿ, ಬೂದಿ ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ ಮುಂಚೆಯೇ ಬರೆದಿಟ್ಟಿದ್ದರು. ಹಾಗಂತ ಅವರನ್ನು ಯಾರಾದರೂ ಮರೆತರಾ?

ಸಿಂದಗಿ ಅಕ್ಕ
ಇಲ್ಲಿ ನಾನು ಜೋಳದ ರಾಶಿ ಅವರ ಕಡೆ. ಸ್ವಾಮೀಜಿಯವರ ಹೆಸರು ಲಕ್ಷಾಂತರ ಜನರ ಬಾಯಲ್ಲಿ ಇತ್ತು. ಅವರು ಬೇಡ ಅಂದರೆ ಅದು ದೊಡ್ಡತನ. ನಮ್ಮ ಅಜ್ಜಿಯಂದಿರ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಎಲ್ಲೂ ಬರಲಿಲ್ಲ. ಹೊಲ ಗಂಡನ ಹೆಸರಿಗೆ, ಮನೆ ಮಗನ ಹೆಸರಿಗೆ. ಪರಿಹಾರ ಕೂಡ ಮುತ್ಯಾನ ಹೆಸರಿಗೆ ಬಂತು ಅಂತ ತಂಗಿಯೇ ಬರೆದಿದ್ದಾಳೆ. ಹೆಸರು ಬರೆಸಬೇಕು. ಅಪ್ಪನ ಹೆಸರು, ಗಂಡನ ಹೆಸರು ಮುಂದೆ ಇಡದೆ ಅವರದೊಂದೇ ಹೆಸರು.

ಜೋಳದ ರಾಶಿ
ಅಕ್ಕಾರೇ, ಈ ಮಾತಿಗೆ ನನ್ನ ನಮಸ್ಕಾರ.

ಬಾಗೇವಾಡಿ ಮಾಸ್ತರ್
ಹೆಸರು ಬೇಕಿದ್ದರೆ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಫಂಡ್‌ನಿಂದ ಕೊಡಿಸಿದ ಪ್ರತಿ ಪುಸ್ತಕದಲ್ಲೂ. ಹುಡುಗಿ ಎರಡು ವರ್ಷ ಓದಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಂಥಾಲಯಕ್ಕೆ, ಕೊಟ್ಟರೆ ಮುಂದಿನವಳಿಗೆ ಸಿಗುತ್ತದೆ. ಒಂದು ಎಚ್ಚರಿಕೆ. ಸಹಾಯ ಪಡೆದ ಹುಡುಗಿಯನ್ನು ವೇದಿಕೆಗೆ ಕರೆದು ಫೋಟೋ ತೆಗೆಯಬೇಡಿ. ನನ್ನ ಕ್ಲಾಸಿನ ಒಬ್ಬ ವಿದ್ಯಾರ್ಥಿನಿ ಅದೇ ನಾಚಿಕೆಗೆ ಮುಂದಿನ ವರ್ಷ ಅರ್ಜಿ ಹಾಕಲಿಲ್ಲ.

ನವನಗರದ ಮೊಮ್ಮಗಳು
ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಭಾನುವಾರ ಮನೆಯಲ್ಲಿ ಓದಿದೆ. ಕಾಕಾ ಸುಮ್ನೆ ಕೇಳಿದರು. ಜೋಳದ ರಾಶಿ ಅವರು ಬರೆದ ಹಳೇ ಓಣಿಯ ಗೆಳತಿಯರ ಮಾತು ಬಂದಾಗ, "ನಾನು ಹೇಳಿದ್ದು ಇದನ್ನೇ" ಅಂದರು. ಕಾಕಾ ಆಡಂಬರ ಮಾಡೋಕೆ ಹೊರಟಿದ್ದಾರೆ ಅಂತ ನಾವೆಲ್ಲ ತಿಳಿದಿದ್ದೆವು. ಅವರಿಗೆ ಬೇಕಿದ್ದದ್ದು ಮುಳುಗಡೆಯಲ್ಲಿ ಚದುರಿ ಹೋದ ಓಣಿಯವರನ್ನು ಒಂದು ದಿನ ಕೂಡಿಸೋದು. ನವನಗರದ ಯುನಿಟ್ ಯುನಿಟ್‌ಗೆ, ಅಂದರೆ ಬೇರೆ ಬೇರೆ ಬಡಾವಣೆಗೆ, ಹಂಚಿಹೋದ ಆ ಮುದುಕಿಯರನ್ನು ಕರೆತರೋ ಕೆಲಸ ಈಗ ಹುಡುಗರಿಗೆ ಕೊಟ್ಟಿದ್ದೇವೆ.

ಆದ್ದರಿಂದ ಊಟ ಇರುತ್ತದೆ, ಮನೆಯವರೇ ಮಾಡೋದು. ಅಮಾವಾಸ್ಯೆಗೆ ಕೂಡಲಸಂಗಮಕ್ಕೆ ಹೋಗಿ ಬರುತ್ತೇವೆ, ಅದು ಆಯಿಯ ರೂಢಿ. ಫಂಡ್ ಈ ತಿಂಗಳಿಂದಲೇ ಶುರು. ಎಂಟು ಜನವೂ ಒಪ್ಪಿದ್ದಾರೆ. ಕಾಕಾ ತಾವೂ ಹಾಕ್ತೀನಿ ಅಂದರು, ಅತ್ತೆಯರು ಬಿಡ್ತಾರಾ, ಅವರೂ ಸೇರಿದರು. ಪಿಯುಗೆ ಸೇರುವ ಇಬ್ಬರು ಹುಡುಗಿಯರಿಗೆ ಎರಡೂ ವರ್ಷ ಪುಸ್ತಕ, ಹಾಸ್ಟೆಲ್‌ಗೆ ನಮ್ಮಿಂದ ಆದಷ್ಟು. ಪುಸ್ತಕದಲ್ಲಿ ಆಯಿಯ ಹೆಸರು ಮಾತ್ರ. ಕಲ್ಲು ಬೇಡ ಅಂತ ಆಯಿತು, ಅದರಲ್ಲಿ ಸಿಂದಗಿ ಅಕ್ಕನ ಮಾತು ಅರ್ಧ ನಡೆಸಿದ್ದೇವೆ. ಹಾಂ, ಆ ಸಹಿಯ ವಿಷಯ, ಉಂಗುರದ ವಿಷಯ ಕೂಡ ಓದಿದೆ. ಅಪ್ಪ ಎದ್ದು ಹೊರಗೆ ಹೋದರು. ದೊಡ್ಡತ್ತೆ "ಪೂರಾ ಓದು" ಅಂದರು. ಓದಿದೆ.

ಸಿಂದಗಿ ಅಕ್ಕ
ದೊಡ್ಡತ್ತೆಗೆ ನನ್ನ ನಮಸ್ಕಾರ ಹೇಳು.

ಬ್ಯಾಂಕ್ ನಿವೃತ್ತ
ಜಂಟಿ ಖಾತೆ ತೆಗೆಯಿರಿ, ಒಬ್ಬರ ಹೆಸರಿನಲ್ಲಿ ಬೇಡ. ವರ್ಷಕ್ಕೊಮ್ಮೆ ಲೆಕ್ಕ ಎಲ್ಲರಿಗೂ ಕಳಿಸಿ. ಪ್ರೀತಿ ಇದ್ದ ಮನೆಯಲ್ಲೂ ಲೆಕ್ಕ ಬಾಯಿಮಾತಿನಲ್ಲಿ ಇರಬಾರದು.

ತಾಂಡಾದ ಮಾವ
ನಮಸ್ಕಾರ, ನಾನು ಇಲ್ಲಿ ಹೊಸಬ. ಮುದ್ದೇಬಿಹಾಳ ಕಡೆಯ ತಾಂಡಾದವನು. ನಮ್ಮ ಅಕ್ಕನ ಮಗಳು ಹತ್ತನೇ ತರಗತಿ ಬರೆದಿದ್ದಾಳೆ. ಅಕ್ಕ ಭಾವ ಕಬ್ಬು ಕಡಿಯೋಕೆ ಹೋಗುತ್ತಾರೆ, ವರ್ಷದಲ್ಲಿ ಅರ್ಧ ಇವಳು ಅಜ್ಜಿಯ ಹತ್ತಿರವೇ ಇರೋದು. ಸೈನ್ಸ್ ತಗೋಬೇಕು ಅಂತ ಹಟ ಹಿಡಿದಿದ್ದಾಳೆ. ಬಾಗಲಕೋಟೆಯವರಿಗೆ ಮಾತ್ರನಾ, ನಾವೂ ಕೇಳಬಹುದಾ?

ನವನಗರದ ಮೊಮ್ಮಗಳು
ಅಣ್ಣಾ, ಖಂಡಿತ ಕೇಳಬಹುದು. ಫೋನ್ ನಂಬರ್ ಇಲ್ಲಿ ಎಲ್ಲರ ಮುಂದೆ ಹಾಕಬೇಡಿ, ನನಗೆ ಬೇರೆಯಾಗಿ ಬರೆಯಿರಿ. ಯಾವ ಕಾಲೇಜು, ಹಾಸ್ಟೆಲ್ ಬೇಕಾ ಅಂತ ಅವಳನ್ನೇ ಕೇಳಿ ತಿಳಿಸಿ. ಅಂಕಪಟ್ಟಿ ಆಮೇಲೆ ಕಳಿಸಿದರೆ ಸಾಕು.